ಮರಳುವ ಮಾತು

ಪರದೇಶಕ್ಕೆ ಹೊರಟವನನ್ನು ಆ ದೇಶದ ಬಾಗಿಲಲ್ಲಿ ಎರಡು ಪ್ರಶ್ನೆಗಳು ಕಾದಿರುತ್ತವೆ. ನಿನ್ನ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಒಂದು. ನೀನು ಯಾವಾಗ ಹಿಂದಕ್ಕೆ ಹೋಗುತ್ತೀಯೆ ಎಂಬುದು ಇನ್ನೊಂದು. ಮೊದಲನೆಯದನ್ನು ಸುಂಕದವರು ಕೇಳುತ್ತಾರೆ, ಎರಡನೆಯದನ್ನು ವೀಸಾ ಕೊಡುವವರು ಕೇಳುತ್ತಾರೆ. ಎರಡೂ ಒಂದೇ ಬಗೆಯ ಸರಕಾರಿ ವಿಚಾರಣೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಎರಡಕ್ಕೂ ಫಾರಂ ಉಂಟು, ಎರಡಕ್ಕೂ ಸಾಲು ಉಂಟು, ಎರಡರ ಮುಂದೆಯೂ ನಿಂತವನ ಗಂಟಲು ಸ್ವಲ್ಪ ಒಣಗುವುದುಂಟು. ಆದರೆ ನಿಧಾನವಾಗಿ ಯೋಚಿಸಿದರೆ ಇವುಗಳ ನಡುವಣ ಅಂತರ ಬಹಳ ದೊಡ್ಡದೆಂದು ತೋರುತ್ತದೆ. ಪೆಟ್ಟಿಗೆಯಲ್ಲಿರುವುದು ವಸ್ತು, ಅದನ್ನು ತೆರೆದು ನೋಡಿದರೆ ತೀರಿತು. ಮರಳುವುದು ಮನಸ್ಸಿಗೆ ಸೇರಿದ್ದು, ಅದೂ ಇನ್ನೂ ಬಾರದ ದಿನದ ಮನಸ್ಸಿಗೆ. ಅದನ್ನು ತೆರೆದು ನೋಡುವ ಬೀಗದ ಕೈ ಅಧಿಕಾರಿಯ ಬಳಿ ಇಲ್ಲ. ಪ್ರಯಾಣಿಕನ ಬಳಿಯಲ್ಲಾದರೂ ಇದೆಯೆ?

ಇಂಥ ಪ್ರಶ್ನೆಯನ್ನು ಕೇಳುವ ಹಕ್ಕು ಒಂದು ರಾಜ್ಯಕ್ಕೆ ಉಂಟೆ? ಉಂಟೆನ್ನುವುದಾದರೆ, ಸತ್ಯವಂತನಾದವನು ಅದಕ್ಕೆ ಏನೆಂದು ಉತ್ತರ ಕೊಡಬೇಕು? ಈ ಬರೆಹದಲ್ಲಿ ನಾನು ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ. ಮಗನೋ ಮಗಳೋ ಹೊರನಾಡಿನಲ್ಲಿರುವ ಮನೆಗಳು ನಮ್ಮ ಊರುಗಳಲ್ಲಿ ಈಗ ಬೀದಿಗೆ ಎರಡು ಮೂರಾದರೂ ಇವೆ. ಆದುದರಿಂದ ಇದು ಪಂಡಿತರ ಕಾಲಕ್ಷೇಪವೆಂದು ಓದುಗರು ತಳ್ಳಿಹಾಕಲಾರರೆಂದು ನಂಬಿದ್ದೇನೆ.

ಗಡಿಯಲ್ಲಿ ಗುರುತು ಕೇಳುವುದು ಪಶ್ಚಿಮದವರು ನಮಗೆ ಕಲಿಸಿದ ಹೊಸ ಪದ್ಧತಿ ಎಂದು ಕೆಲವರು ಹೇಳುವುದುಂಟು. ಹಾಗಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊದಲ ಬಾರಿಗೆ ಅಚ್ಚು ಹಾಕಿಸಿ ಲೋಕದ ಮುಂದಿಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬ ಬರುತ್ತಾನೆ. ಒಂದು ಮಾಷ ಕೊಟ್ಟವನಿಗೆ ಅವನು ಮುದ್ರೆ ಕೊಡುತ್ತಾನೆ. ಮುದ್ರೆಯುಳ್ಳವನು ಜನಪದದೊಳಕ್ಕೆ ಬರಬಹುದು, ಹೊರಕ್ಕೆ ಹೋಗಬಹುದು. ಮುದ್ರೆಯಿಲ್ಲದೆ ಓಡಾಡುವ ನಾಡಿನವನಿಗೆ 12 ಪಣ ದಂಡ. ಸುಳ್ಳು ಮುದ್ರೆ ತಂದರೆ ಇನ್ನೂ ಹೆಚ್ಚು; ಅದೇ ತಪ್ಪನ್ನು ಪರದೇಶದವನು ಮಾಡಿದರೆ ಎಲ್ಲಕ್ಕಿಂತ ಹೆಚ್ಚು. ಗೋಮಾಳಗಳನ್ನು ನೋಡಿಕೊಳ್ಳುವ ವಿವೀತಾಧ್ಯಕ್ಷ ದಾರಿಯಲ್ಲಿ ಮುದ್ರೆಗಳನ್ನು ಪರೀಕ್ಷಿಸಬೇಕು. ಇಂದಿನ ವಿಮಾನ ನಿಲ್ದಾಣದಲ್ಲಿ ನಡೆಯುವುದೆಲ್ಲ ಇಲ್ಲಿ ಬೀಜರೂಪದಲ್ಲಿದೆ: ಶುಲ್ಕ, ಮುದ್ರೆ, ತಪಾಸಣೆ, ಪರಕೀಯನಿಗೆ ಬೇರೆ ಅಳತೆ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆ ಪ್ರಕರಣದಲ್ಲಿ ಮುದ್ರಾಧ್ಯಕ್ಷ ಮುದ್ರೆಯನ್ನು ನೋಡುತ್ತಾನೆಯೇ ಹೊರತು ನಿನ್ನ ಊರಿನ ಮೇಲೆ ನಿನಗೆ ಪ್ರೀತಿಯುಂಟೆ ಎಂದು ಕೇಳುವುದಿಲ್ಲ.

ಇನ್ನೊಂದು ಕಡೆ, ಪಾಸ್‌ಪೋರ್ಟು ಅನಾದಿಯಿಂದ ಎಲ್ಲೆಲ್ಲೂ ಇದ್ದುದೂ ಅಲ್ಲ. 1914ರ ಮಹಾಯುದ್ಧಕ್ಕೆ ಮುಂಚೆ ರಷ್ಯಾ, ತುರ್ಕಿಗಳನ್ನು ಬಿಟ್ಟರೆ ಯೂರೋಪಿನ ಬಹುಭಾಗದಲ್ಲಿ ಜನ ಅದಿಲ್ಲದೆಯೇ ಓಡಾಡುತ್ತಿದ್ದರು. ಯುದ್ಧ ಬಂದು ಗೂಢಚಾರರ ಭಯ ಹುಟ್ಟಿತು. ಭಯದ ಹಿಂದೆಯೇ ಕಾಗದ ಬಂತು. ಯುದ್ಧ ಹೋದರೂ ಕಾಗದ ಹೋಗಲಿಲ್ಲ. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನವು ಎಲ್ಲ ದೇಶಗಳಿಗೂ ಹೊಂದುವ ಒಂದು ಪುಸ್ತಕದ ಆಕಾರವನ್ನು ಗೊತ್ತುಮಾಡಿತು. ನಮ್ಮ ಜೇಬಿನಲ್ಲಿರುವುದು ಅದರ ಮೊಮ್ಮಗ. ಈ ಕಟ್ಟುಪಾಡು ಕ್ರಮೇಣ ಸಡಿಲವಾಗಿ ಹೋದೀತೆಂಬ ಆಶೆ ಆಗ ಹಲವರಿಗಿತ್ತು. ಆಶೆ ಫಲಿಸಲಿಲ್ಲ.

ಹಾಗೆಂದು ಕಾಗದವನ್ನು ಕೇವಲ ಶತ್ರುವೆಂದು ಎಣಿಸುವುದು ನ್ಯಾಯವಲ್ಲ. ಊರಿನಲ್ಲಿ ನಮ್ಮ ಮಾತಿಗೆ ಬೆಲೆಯಿರುವುದು ನಮ್ಮ ಮುಖದ ಗುರುತು ಇರುವುದರಿಂದ. ಇಂಥವರ ಮಗ, ಇಂಥವರ ಮೊಮ್ಮಗಳು ಎಂದು ಹೇಳುವವರು ಇರುವುದರಿಂದ. ಸಾವಿರ ಹರದಾರಿ ದಾಟಿದ ಮೇಲೆ ಹಾಗೆ ಹೇಳುವವರು ಯಾರು? ಅಲ್ಲಿ ಮುದ್ರೆಯೇ ಬಂಧು, ಮುದ್ರೆಯೇ ಸಾಕ್ಷಿ. ಅದಿಲ್ಲದವನ ಪಾಡು ಎಂಥದೆಂಬುದನ್ನು ಮಹಾಯುದ್ಧದ ನಂತರದ ರಷ್ಯನ್ ನಿರಾಶ್ರಿತರು ಕಂಡರು. ಅವರ ಸರಕಾರ ಅವರ ಪೌರತ್ವವನ್ನು ರದ್ದುಮಾಡಿತ್ತು. ಯಾವ ದೇಶದವರೂ ಅಲ್ಲದ ಅವರನ್ನು ಯಾವ ದೇಶವೂ ಒಳಕ್ಕೆ ಬಿಡಲೊಲ್ಲದು. ನಾರ್ವೆಯ ಶೋಧಕ ಫ್ರಿಟ್ಯೋಫ್ ನಾನ್ಸೆನ್ 1922ರಲ್ಲಿ ಅಂಥವರಿಗಾಗಿ ಒಂದು ಗುರುತಿನ ಪತ್ರವನ್ನು ಮಾಡಿಸಿದ. ನಾನ್ಸೆನ್ ಪಾಸ್‌ಪೋರ್ಟೆಂದು ಹೆಸರಾದ ಆ ಒಂದು ಹಾಳೆ ಎಷ್ಟೋ ಮಂದಿಗೆ ಮರುಹುಟ್ಟು ಕೊಟ್ಟಿತು. ಕಾಗದ ಗೋಡೆಯೂ ಆಗಬಹುದು, ಸೇತುವೆಯೂ ಆಗಬಹುದು. ಅದನ್ನು ಹಿಡಿದವರು ಯಾವ ಉದ್ದೇಶದಿಂದ ಹಿಡಿದಿದ್ದಾರೆ ಎಂಬುದೇ ಮುಖ್ಯ.

ಇನ್ನು ಹಕ್ಕಿನ ಮಾತು. ಮನೆಯ ಯಜಮಾನನಿಗೆ ಹೊಸಿಲಿನಲ್ಲಿ ನಿಂತವನನ್ನು ಯಾರು, ಏನು ಎಂದು ಕೇಳುವ ಅಧಿಕಾರವಿರುವಂತೆ ದೇಶಕ್ಕೂ ಇದೆ ಎನ್ನುವುದು ಬಳಕೆಯ ವಾದ. ಅತಿಥಿಯನ್ನು ದೇವರೆಂದು ಕಾಣಬೇಕೆಂದು ನಮ್ಮ ಹಿರಿಯರು ವಿಧಿಸಿದ್ದು ನಿಜ; ಆದರೆ ಬಂದವರೆಲ್ಲ ಅತಿಥಿಗಳೆಂದು ಅವರು ಹೇಳಲಿಲ್ಲ. ವ್ಯಾಪಾರಕ್ಕೆಂದು ಸೂರತ್ತಿಗೆ ಬಂದಿಳಿದ ಕಂಪನಿಯವರು ಮುಂದೆ ಏನಾದರೆಂಬುದನ್ನು ಈ ದೇಶ ಮರೆಯುವಂತಿಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದಾಗ ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿಯಲು ಪ್ರಯತ್ನಪಟ್ಟ. ಭೂಮಿ ಗುಂಡಗಿದೆ, ಮನುಷ್ಯರು ಒಬ್ಬರಿಂದೊಬ್ಬರು ಎಷ್ಟು ದೂರ ಹೋದರೂ ಕೊನೆಗೆ ಒಬ್ಬರ ನೆರೆಯಲ್ಲೊಬ್ಬರು ಬಾಳಬೇಕು. ಆದುದರಿಂದ ಪರದೇಶಕ್ಕೆ ಹೋದವನನ್ನು ಹಗೆಯಂತೆ ಕಾಣಬಾರದು. ಭೇಟಿ ಕೊಡುವ ಹಕ್ಕು ಎಲ್ಲರಿಗೂ ಉಂಟು. ನೆಲೆಸುವ ಹಕ್ಕು ಮಾತ್ರ ಬೇರೆ. ಅದಕ್ಕೆ ಒಪ್ಪಂದ ಬೇಕು. ಅವನ ನಾಶಕ್ಕೆ ಕಾರಣವಾಗದಿದ್ದರೆ ಬಂದವನನ್ನು ಹಿಂದಕ್ಕೆ ಕಳುಹಿಸಬಹುದು. ಹೀಗೆಂದವನೇ, ಯೂರೋಪಿನವರು ಭೇಟಿಯ ಹೆಸರಿನಲ್ಲಿ ಪರರ ನಾಡುಗಳನ್ನು ಗೆದ್ದುಕೊಂಡುದನ್ನು ಖಂಡಿಸಿದ. ಅಂಥ ಅತಿಥಿಗಳಿಗೆ ಬಾಗಿಲನ್ನು ಅರ್ಧ ಮುಚ್ಚಿದ ಚೀನಾ, ಜಪಾನುಗಳು ಜಾಣತನ ಮಾಡಿದವೆಂದ.

ನಮ್ಮ ಕಾಲದ ಧರ್ಮಶಾಸ್ತ್ರವೆನ್ನಬಹುದಾದ ಮಾನವ ಹಕ್ಕುಗಳ ಘೋಷಣೆ 1948ರಲ್ಲಿ ಬಂತು. ಅದರ 13ನೆಯ ವಿಧಿಯಂತೆ ಯಾರಾದರೂ ಯಾವ ದೇಶವನ್ನಾದರೂ ಬಿಟ್ಟು ಹೋಗಬಹುದು, ತನ್ನ ದೇಶಕ್ಕೆ ಮರಳಬಹುದು. ನಮ್ಮ ಸುಪ್ರೀಂ ಕೋರ್ಟು ಕೂಡ 1967ರಲ್ಲಿ, ವಿದೇಶಕ್ಕೆ ಪ್ರಯಾಣ ಮಾಡುವುದು ಸಂವಿಧಾನದ 21ನೆಯ ವಿಧಿ ಹೇಳುವ ವ್ಯಕ್ತಿಸ್ವಾತಂತ್ರ್ಯಕ್ಕೆ ಸೇರಿದ್ದೆಂದು ತೀರ್ಪು ಕೊಟ್ಟಿತು; ಆ ವರ್ಷವೇ ಪಾಸ್‌ಪೋರ್ಟ್ ಕಾಯಿದೆ ಬಂತು. ಆದರೆ ಬಿಟ್ಟು ಹೋಗುವ ಹಕ್ಕನ್ನು ಕೊಟ್ಟ ಘೋಷಣೆಯು, ಆಶ್ರಯ ಬೇಡಿ ಬರುವವರ ಮಾತೊಂದನ್ನು ಬಿಟ್ಟರೆ, ಇನ್ನೊಂದು ದೇಶದೊಳಕ್ಕೆ ಹೋಗುವ ಹಕ್ಕಿನ ವಿಷಯದಲ್ಲಿ ಮೌನವಾಗಿದೆ. ಹೊರಬಾಗಿಲು ತೆರೆದಿದೆ, ಎದುರು ಮನೆಯ ಬಾಗಿಲಿನ ಮಾತಿಲ್ಲ. ಎದುರು ಮನೆಯವನ ದಯೆಯೇ ಗತಿ. ಆದುದರಿಂದ ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ವಿಧಿಯಿಲ್ಲ. ನಾನೂ ಈ ಮಟ್ಟಿಗೆ ಒಪ್ಪುತ್ತೇನೆ: ಕೇಳುವ ಅಧಿಕಾರ ರಾಜ್ಯಕ್ಕೆ ಇದೆ. ಹೇಗೆ ಕೇಳುತ್ತದೆ, ಉತ್ತರವನ್ನು ಹೇಗೆ ತೂಗುತ್ತದೆ ಎಂಬಲ್ಲಿ ಧರ್ಮಸೂಕ್ಷ್ಮವಿದೆ.

ಸುಂಕದ ಕಟ್ಟೆಯ ಪ್ರಶ್ನೆಯನ್ನು ಮೊದಲು ನೋಡೋಣ. ಅಮೆರಿಕಕ್ಕೆ ಹೋಗುವ ನಮ್ಮ ಹೆಂಗಸರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಹುರಿಹಿಟ್ಟು, ಕೊಬ್ಬರಿ ಮಿಠಾಯಿ ಇರುವುದು ಸಹಜ. ಅಲ್ಲಿಯ ನಿಯಮದಂತೆ ತಿನ್ನುವ ಪದಾರ್ಥ ಏನಿದ್ದರೂ ಇದೆಯೆಂದು ಹೇಳಬೇಕು. ಹಸಿ ಹಣ್ಣು, ಬಿತ್ತುವ ಬೀಜ, ಮಣ್ಣು, ಮಾಂಸ ಇವುಗಳಿಗೆ ಬಿಗಿಯಾದ ತಡೆಯುಂಟು. ಕೈಯಲ್ಲಿ 10,000 ಡಾಲರಿಗಿಂತ ಹೆಚ್ಚು ಹಣವಿದ್ದರೆ ಅದನ್ನೂ ತಿಳಿಸಬೇಕು. ಹಣ ತರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ತೋಟದ ಮಾವಿನ ಹಣ್ಣನ್ನು ಮೊಮ್ಮಗನಿಗೆಂದು ಒಯ್ದ ಅಜ್ಜಿಯ ಕೈಯಿಂದ ಅದನ್ನು ಕಿತ್ತು ಕಸದ ಡಬ್ಬಿಗೆ ಹಾಕಿದರೆ ಅವಳಿಗೆ ಸಂಕಟವಾಗುತ್ತದೆ ನಿಜ. ಆದರೆ ಆ ನಿಯಮದ ಹಿಂದಿರುವ ಕಾರಣವನ್ನು ಅವಳಿಗೆ ತಿಳಿಸಿ ಹೇಳಬಹುದು. ಹೇಳಿದರೆ ಅವಳು ಒಪ್ಪಲೂಬಹುದು. ನಮ್ಮ ಹೊಲದ ಬದುಗಳನ್ನೂ ರಸ್ತೆಯ ಅಂಚುಗಳನ್ನೂ ತುಂಬಿ, ಮುಟ್ಟಿದವರಿಗೆ ನವೆ ಬರಿಸುವ ಪಾರ್ಥೇನಿಯಂ ಈ ನೆಲದ ಗಿಡವಲ್ಲ. 1950ರ ದಶಕದಲ್ಲಿ ಪುಣೆಯ ಕಡೆ ಕಂಡ ಅದು ಆಮದು ಗೋಧಿಯ ಜೊತೆಗೆ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಹಿಡಿ ಬೀಜಕ್ಕೆ ಇಷ್ಟು ಶಕ್ತಿಯಿರುವಾಗ, ಪೆಟ್ಟಿಗೆ ತೆರೆಯೆಂದವನ ಮೇಲೆ ಕೋಪಗೊಳ್ಳುವುದು ಹೇಗೆ? ಹಣ್ಣಿನ ಹುಳು ರಾಜನ ಪೆಟ್ಟಿಗೆಯಲ್ಲಿದ್ದರೂ ಹುಳುವೇ. ಪ್ರಶ್ನೆ ಎಲ್ಲರಿಗೂ ಒಂದೇ. ಉತ್ತರ ಕಣ್ಣಿಗೆ ಕಾಣುವಂಥದು. ನಿಜ ಹೇಳಿದವನಿಗೆ ಹಣ್ಣು ಹೋದರೂ ಮಾನ ಹೋಗುವುದಿಲ್ಲ. ಧರ್ಮವಾದ ಪ್ರಶ್ನೆಯ ಲಕ್ಷಣವೆಂದರೆ ಇದೇ.

ವೀಸಾದ ಪ್ರಶ್ನೆ ಹೀಗಿಲ್ಲ. ಅಮೆರಿಕದ 1952ರ ವಲಸೆ ಕಾಯಿದೆಯ 214ನೆಯ ವಿಧಿಯಲ್ಲಿ ಒಂದು ಉಪವಿಧಿಯಿದೆ. ಸ್ವಲ್ಪ ಕಾಲ ಇದ್ದು ಹೋಗುತ್ತೇನೆಂದು ಬರುವ ಪರದೇಶದ ಪ್ರವಾಸಿಯನ್ನು, ಅವನು ಅಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ತನಕ, ನೆಲೆಸಲು ಬಂದವನೆಂದೇ ಭಾವಿಸಬೇಕೆಂದು ಅದರ ತಾತ್ಪರ್ಯ. ತಾನು ಬಿಟ್ಟುಬಿಡುವ ಉದ್ದೇಶವಿಲ್ಲದ ಒಂದು ಮನೆ ತನ್ನ ದೇಶದಲ್ಲಿ ಉಂಟೆಂದು ಅವನು ತೋರಿಸಬೇಕು. ಕೊಲೆಯ ಆಪಾದನೆಗೆ ಗುರಿಯಾದವನನ್ನು ಕೂಡ ತಪ್ಪು ರುಜುವಾತಾಗುವ ತನಕ ನಿರಪರಾಧಿಯೆಂದು ಎಣಿಸುವುದು ಆ ದೇಶದ ನ್ಯಾಯದ ಹೆಮ್ಮೆ. ಮಗಳ ಬಾಣಂತನಕ್ಕೆ ಹೊರಟ ತಾಯಿಯ ವಿಷಯದಲ್ಲಿ ಮಾತ್ರ ಭಾರ ತಾಯಿಯ ಮೇಲೆ. ಮಾತುಕತೆ ಕೆಲವೇ ನಿಮಿಷಗಳದು. ಇಲ್ಲವೆಂದರೆ ಮೇಲ್ಮನವಿಯಿಲ್ಲ, ಮತ್ತೆ ಅರ್ಜಿ ಹಾಕಬಹುದು, ಮತ್ತೆ ಶುಲ್ಕ ಕಟ್ಟಬಹುದು. ಇಂಥ ನಿರಾಕರಣೆಗಳನ್ನು ಸಾಮಾನ್ಯವಾಗಿ ನ್ಯಾಯಾಲಯಗಳು ವಿಮರ್ಶಿಸುವುದಿಲ್ಲವೆಂಬುದನ್ನು ಅಲ್ಲಿಯ ಸುಪ್ರೀಂ ಕೋರ್ಟು 2024ರಲ್ಲಿ, ಪ್ರಜೆಯೊಬ್ಬಳ ಗಂಡನಿಗೆ ವೀಸಾ ಇಲ್ಲವೆಂದ ಮೊಕದ್ದಮೆಯಲ್ಲಿ ಕೂಡ, ಎತ್ತಿಹಿಡಿಯಿತು. ವೀಸಾ ಸಿಕ್ಕಿತೆಂದು ಕೆಲಸ ಮುಗಿಯುವುದೂ ಇಲ್ಲ. ಅದು ಬಾಗಿಲ ತನಕ ಬರಲು ಅಪ್ಪಣೆ ಮಾತ್ರ. ಒಳಕ್ಕೆ ಬಿಡುವವನು, ಎಷ್ಟು ದಿನವೆಂದು ಗೊತ್ತುಮಾಡುವವನು ವಿಮಾನ ನಿಲ್ದಾಣದಲ್ಲಿ ಕುಳಿತ ಇನ್ನೊಬ್ಬ.

ಇದನ್ನು ಸಮರ್ಥಿಸುವವರ ಮಾತನ್ನೂ ಕೇಳಬೇಕು. ವೀಸಾ ಇಲ್ಲವೆನ್ನುವುದು ಶಿಕ್ಷೆಯಲ್ಲ, ಆದುದರಿಂದ ನ್ಯಾಯಾಲಯದ ಅಳತೆ ಇಲ್ಲಿಗೆ ಸಲ್ಲದು ಎನ್ನುತ್ತಾರೆ. ಬರುತ್ತೇನೆಂದು ಹೋಗಿ ಬಾರದವರು ಇದ್ದಾರೆ ಎನ್ನುತ್ತಾರೆ. ಎರಡೂ ನಿಜ. ಗಾಜಿನ ಆಚೆ ಕುಳಿತ ಯುವಕನಿಗೆ ನಮ್ಮ ಭಾಷೆ ತಿಳಿಯದು, ನಮ್ಮ ಊರು ತಿಳಿಯದು. ದಿನಕ್ಕೆ ಎಷ್ಟೋ ಮುಖಗಳನ್ನು ನೋಡಿ ಹೌದು ಅಲ್ಲ ಎನ್ನಬೇಕಾದ ಅವನ ಸ್ಥಿತಿಯೂ ಸುಖದ್ದಲ್ಲ. ಅವನು ಬ್ಯಾಂಕಿನ ಪಾಸ್‌ಬುಕ್ಕನ್ನೂ ಜಮೀನಿನ ಪಹಣಿಯನ್ನೂ ನೋಡುತ್ತಾನೆಂದರೆ, ನೋಡಲು ಅವನಿಗೆ ಬೇರೇನೂ ಇಲ್ಲ. ಆದರೆ ಇದರ ಪರಿಣಾಮವೇನೆಂದು ಯೋಚಿಸಿ. ಆಸ್ತಿಯುಳ್ಳವನಿಗೆ ಊರಿನ ಮೇಲೆ ಪ್ರೀತಿ ಇದೆಯೆಂದೂ, ಇಲ್ಲದವನಿಗೆ ಇಲ್ಲವೆಂದೂ ಲೆಕ್ಕವಾಯಿತು. ಹೊಲ ಮಾರಿ ಮಗನನ್ನು ಓದಿಸಿದ ತಂದೆ, ಹೊಲವಿಲ್ಲದ ಕಾರಣಕ್ಕೆ, ಮಗನನ್ನು ನೋಡಲು ಅರ್ಹನಲ್ಲವಾಗುತ್ತಾನೆ.

ಸತ್ಯವನ್ನು ಕೇಳುವ ರಾಜ್ಯ ತಾನೂ ಸತ್ಯವನ್ನು ಆಡಬೇಕು. ಚರಿತ್ರೆಯಲ್ಲಿ ರಾಜ್ಯಗಳು ಬಾಗಿಲಲ್ಲಿ ನಿಂತು ಸುಳ್ಳು ಹೇಳಿರುವುದುಂಟು. ಕೆನಡಾ ದೇಶ 1908ರಲ್ಲಿ ಎರಡು ನಿಯಮಗಳನ್ನು ಮಾಡಿತು: ವಲಸೆ ಬರುವವನು ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬರಬೇಕು; ಏಷ್ಯಾದವನಾದರೆ ಕೈಯಲ್ಲಿ 200 ಡಾಲರ್ ಇರಬೇಕು. ಮೊದಲನೆಯ ನಿಯಮದಲ್ಲಿ ಇಂಡಿಯಾದ ಹೆಸರೇ ಇರಲಿಲ್ಲ. ಆದರೆ ಇಂಡಿಯಾದಿಂದ ಅಲ್ಲಿಗೆ ನೇರವಾಗಿ ಹೋಗುವ ಹಡಗಿನ ಸೌಕರ್ಯವೇ ಇರಲಿಲ್ಲ! 1914ರ ಮೇ ತಿಂಗಳಲ್ಲಿ ಕೋಮಗಾಟ ಮಾರು ಎಂಬ ಹಡಗು 376 ಮಂದಿಯನ್ನು ಹೊತ್ತು ವ್ಯಾಂಕೂವರಿನ ರೇವಿಗೆ ಬಂತು. ಅವರಲ್ಲಿ ಹೆಚ್ಚಿನವರು ಸಿಖ್ಖರು. ಎಲ್ಲರೂ ಅದೇ ಬ್ರಿಟಿಷ್ ಚಕ್ರಾಧಿಪತ್ಯದ ಪ್ರಜೆಗಳು. ಎರಡು ತಿಂಗಳು ಅವರನ್ನು ದಡ ಕಾಣುವಷ್ಟು ದೂರದಲ್ಲಿ ನಿಲ್ಲಿಸಿ, ಕೆಲವರನ್ನು ಮಾತ್ರ ಇಳಿಸಿಕೊಂಡು, ಉಳಿದವರನ್ನು ಹಿಂದಕ್ಕೆ ಅಟ್ಟಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದಾಗ ಅವರಲ್ಲಿ ಹಲವರು ಪೊಲೀಸರ ಗುಂಡಿಗೆ ಬಲಿಯಾದರು. ಕೆನಡಾದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಆಸ್ಟ್ರೇಲಿಯದವರ ಉಪಾಯ ಇನ್ನೂ ವಿಚಿತ್ರವಾಗಿತ್ತು. 1901ರ ಅವರ ಕಾಯಿದೆಯಲ್ಲಿ ಬಣ್ಣದ ಮಾತೇ ಇಲ್ಲ. ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ ಅಧಿಕಾರಿ ಹೇಳಿದ 50 ಪದಗಳ ಉಕ್ತಲೇಖನವನ್ನು ಬರೆಯಬೇಕೆಂದಷ್ಟೇ ಇತ್ತು. ಯಾವ ಭಾಷೆಯೆಂಬುದನ್ನು ಆರಿಸುವವನು ಅಧಿಕಾರಿ. ಬೇಡದವನಿಗೆ ಅವನು ಅರಿಯದ ಭಾಷೆ ಬರುತ್ತಿತ್ತು. 1934ರಲ್ಲಿ ಎಗೋನ್ ಕಿಶ್ ಎಂಬ ಯೂರೋಪಿನ ಬರೆಹಗಾರನನ್ನು ಅವನ ರಾಜಕೀಯಕ್ಕಾಗಿ ತಡೆಯಬೇಕಾಯಿತು. ಆತನೋ ಹಲವು ಭಾಷೆ ಬಲ್ಲವನು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟು ಅವನನ್ನು ನಪಾಸು ಮಾಡಿದರು. ಕಾಯಿದೆಯ ಅರ್ಥದಲ್ಲಿ ಅದು ಯೂರೋಪಿನ ಭಾಷೆಯೇ ಅಲ್ಲವೆಂದು ಅಲ್ಲಿಯ ಹೈಕೋರ್ಟು ತೀರ್ಪಿತ್ತಿತು. ಈ ಪರೀಕ್ಷೆ ರದ್ದಾದದ್ದು 1958ರಲ್ಲಿ. ಉಪಾಧ್ಯಾಯ ವೃತ್ತಿಯಲ್ಲಿ ಬದುಕು ಕಳೆದ ನನಗೆ, ಉಕ್ತಲೇಖನಕ್ಕೆ ಇಂಥದೊಂದು ಉಪಯೋಗ ಉಂಟೆಂದು ತಿಳಿದಾಗ ನಗು ಬಂತು. ಆಮೇಲೆ ನಗು ನಿಂತಿತು.

ಪರರ ಹುಳುಕನ್ನು ಎತ್ತಿ ಆಡುವಾಗ ನಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳಬೇಕಲ್ಲವೆ? ಭಾರತದ ವೀಸಾ ಅರ್ಜಿಯು ಅರ್ಜಿದಾರನ ತಂದೆತಾಯಿ, ಅಜ್ಜ ಅಜ್ಜಿಯರು ಪಾಕಿಸ್ತಾನಕ್ಕೆ ಸೇರಿದವರಾಗಿದ್ದರೆ ಎಂದು ಕೇಳುತ್ತದೆ. ಅಜ್ಜ ಹುಟ್ಟಿದ ಊರಿಗೆ ಮೊಮ್ಮಗ ಹೊಣೆಯೆ? ಬ್ರಿಟಿಷರು 1946ರಲ್ಲಿ ಮಾಡಿದ ವಿದೇಶಿಯರ ಕಾಯಿದೆಯು ತಾನು ವಿದೇಶಿಯನಲ್ಲವೆಂಬ ರುಜುವಾತಿನ ಹೊಣೆಯನ್ನು ಆಯಾ ವ್ಯಕ್ತಿಯ ಮೇಲೆಯೇ ಹೊರಿಸಿತ್ತು. 2025ರಲ್ಲಿ ಆ ಜಾಗಕ್ಕೆ ಬಂದ ಹೊಸ ಕಾಯಿದೆಯೂ ಆ ಹೊಣೆಯನ್ನು ಅಲ್ಲೇ ಉಳಿಸಿತು. ಸಂಶಯ ಯಾವ ಒಂದು ಜನಾಂಗದ ಸ್ವಭಾವವೂ ಅಲ್ಲ. ಬಾಗಿಲ ಬಳಿ ಕುಳಿತವರೆಲ್ಲರ ಕಾಯಿಲೆ.

ಈಗ ಸತ್ಯವಂತನ ಉತ್ತರದ ವಿಷಯಕ್ಕೆ ಬರೋಣ. ನಮ್ಮ ಬಡಾವಣೆಯಲ್ಲಿ ಒಬ್ಬ ತಾಯಿ ಇದ್ದಾರೆ. ಯಜಮಾನರು ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು, ಹೊರದೇಶದಲ್ಲಿ. ಯಾವ ದೇಶವೆಂಬುದು ಇಲ್ಲಿ ಮುಖ್ಯವಲ್ಲ. ಮಗಳ ಚೊಚ್ಚಲು ಹೆರಿಗೆಗೆಂದು ಅವರು ಹೊರಟಾಗ ಫಾರಂ ತುಂಬಿಕೊಟ್ಟವನು ನಾನು. ಹೆರಿಗೆಯಾದ ಮೇಲೆ ವಾಪಸು ಬರುತ್ತೀರಾ ಎಂದು ಅಧಿಕಾರಿ ಕೇಳಿದನಂತೆ. ಆಕೆ ದುಭಾಷಿಯ ಕಡೆ ತಿರುಗಿ, “ಬರಬೇಕು ಅಂತಲೇ ಮನಸ್ಸಿದೆ. ಮಗು ಮುಖ ನೋಡಿದ ಮೇಲೆ ಮನಸ್ಸು ಹೇಗಾಗುತ್ತೋ ಯಾರು ಬಲ್ಲರು?” ಎಂದರಂತೆ. ಇದಕ್ಕಿಂತ ನಿಜವಾದ ಮಾತನ್ನು ಆ ಕಟ್ಟಡದಲ್ಲಿ ಆ ದಿನ ಯಾರೂ ಆಡಿರಲಾರರು. ವೀಸಾ ಸಿಕ್ಕಲಿಲ್ಲ.

ಸುತ್ತಮುತ್ತಿನವರಿಂದ ಬುದ್ಧಿವಾದಗಳು ಬಂದವು. ಇಲ್ಲೊಬ್ಬ ಮಗನಿದ್ದಾನೆನ್ನಿ, ಮಠದಲ್ಲಿ ಸೇವೆಯಿದೆಯೆನ್ನಿ, ಅಲ್ಲಿಯ ಚಳಿ ಆಗದೆನ್ನಿ. ಆಕೆ ನನ್ನ ಬಳಿ ಬಂದು, “ಮೇಷ್ಟ್ರೇ, ಈ ಸಲ ಏನು ಹೇಳಲಿ?” ಎಂದರು. ನಾನು ಹೀಗೆಂದೆ: “ಅಮ್ಮಾ, ಮುಂದೆ ಏನಾಗುತ್ತೆ ಅಂತ ಅವರು ಕೇಳ್ತಿಲ್ಲ ಅಂದ್ಕೊಳ್ಳಿ. ಬರ್ತೀನಿ ಅಂತ ಮಾತು ಕೊಡ್ತೀರಾ ಅಂತ ಕೇಳ್ತಿದ್ದಾರೆ ಅಂದ್ಕೊಳ್ಳಿ. ಮಾತು ಕೊಡೋಕೆ ಆಗುತ್ತಾ?”

“ಕೊಟ್ಟರೆ ಬರಲೇಬೇಕಲ್ಲ?”

“ಬರಲೇಬೇಕು.”

“ಹಾಗಾದರೆ ಯೋಚನೆ ಮಾಡಿ ಹೇಳ್ತೀನಿ” ಎಂದು ಹೋದವರು ಒಂದು ವಾರ ಬರಲಿಲ್ಲ. ಹೆರಿಗೆಯ ದಿನ ಹತ್ತಿರ ಬರುತ್ತಿತ್ತು. ಮಗಳ ಫೋನುಗಳು ಬರುತ್ತಿದ್ದವು. ಎಂಟನೆಯ ದಿನ ಬಂದು, “ಕೊಡ್ತೀನಿ, ಅರ್ಜಿ ಹಾಕಿ” ಎಂದರು. ಎರಡನೆಯ ಸಲ ಬೇರೊಬ್ಬ ಅಧಿಕಾರಿ. ಅವನು ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ಕಾಗದಗಳನ್ನು ನೋಡಿ ಒಂದು ನಿಮಿಷದಲ್ಲಿ ಆಯಿತೆಂದ. ಆಕೆ ಹೋದರು, ಬಾಣಂತನ ಮಾಡಿದರು. ಇನ್ನಷ್ಟು ದಿನ ಇರಲು ಅರ್ಜಿ ಹಾಕೋಣವೆಂದು ಮಗಳು ಕಣ್ಣೀರಿಟ್ಟಳಂತೆ. “ಯಾರೂ ಕೇಳಲೇ ಇಲ್ಲವಲ್ಲಮ್ಮ, ಯಾರಿಗೆ ಕೊಟ್ಟ ಮಾತು?” ಎಂದಳಂತೆ. ಆದರೂ ಹೇಳಿದ ತಿಂಗಳಿಗೆ ಆಕೆ ಊರಿಗೆ ಬಂದರು. ಆಕೆಯನ್ನು ನಾನು ಹೊಗಳಲಿಲ್ಲ. ಮಗುವನ್ನು ಬಿಟ್ಟು ಬಂದ ಆ ಮುಖವನ್ನು ನೋಡಿದ ಯಾರಿಗೂ ಹೊಗಳುವ ಧೈರ್ಯ ಬರುತ್ತಿರಲಿಲ್ಲ.

ನಾನು ಆಕೆಗೆ ಹೇಳಿದ್ದು ಮಾತಿನ ಜಾಣ್ಮೆಯಲ್ಲವೆ ಎಂದು ಒಬ್ಬ ಮಿತ್ರರು ಕೇಳಿದರು. ಮನಸ್ಸು ಬದಲಾಗಬಹುದೆಂದು ಬಲ್ಲವರು ಬರುತ್ತೇನೆಂದು ಹೇಳಿದರೆ ಅದು ಸುಳ್ಳಾಗದೆ? ಆಗುವುದಿಲ್ಲವೆಂದು ನನ್ನ ಅಭಿಪ್ರಾಯ. ನಾಳೆ ಮಳೆ ಬರುತ್ತದೆ ಎನ್ನುವುದು ಊಹೆ. ನಾಳೆ ನಾನು ಬರುತ್ತೇನೆ ಎನ್ನುವುದು ಮಾತು. ಊಹೆಯ ಸತ್ಯ ಹೊರಗಿನ ಲೋಕದ ಕೈಯಲ್ಲಿದೆ. ಮಾತಿನ ಸತ್ಯ ಆಡಿದವನ ಕೈಯಲ್ಲಿದೆ. ಮನಸ್ಸು ಎಂದಿಗೂ ಬದಲಾಗದೆಂಬ ಖಾತರಿಯಿದ್ದರೆ ಮಾತು ಕೊಡುವ ಅಗತ್ಯವೇ ಇರಲಿಲ್ಲ. ಮಾತು ಇರುವುದೇ ಮನಸ್ಸು ಬದಲಾಗುವ ದಿನಕ್ಕಾಗಿ. ಕೈಮೀರಿದ ತಡೆ ಬಂದರೆ ಅದು ಬೇರೆ. 2020ರ ಮಾರ್ಚಿಯಲ್ಲಿ ಕೊರೋನಾದಿಂದ ವಿಮಾನಗಳು ನಿಂತು ಎಷ್ಟೋ ತಂದೆತಾಯಿಗಳು ಮಕ್ಕಳ ಮನೆಯಲ್ಲೇ ಉಳಿದರು. ಅವರನ್ನು ಮಾತಿಗೆ ತಪ್ಪಿದವರೆಂದು ಯಾರೂ ಅನ್ನಲಾರರು.

ಪುಣ್ಯಕೋಟಿಯ ಕಥೆಯನ್ನು ಕೇಳದ ಕನ್ನಡದ ಮಗು ಇಲ್ಲ. ಆ ಕಥೆಯಲ್ಲಿ ನಾವು ಯಾವಾಗಲೂ ಹಸುವನ್ನು ಕೊಂಡಾಡುತ್ತೇವೆ. ನಾನು ಹುಲಿಯನ್ನು ಕುರಿತು ಯೋಚಿಸುತ್ತೇನೆ. ಅದು ಹಸಿದಿತ್ತು, ಬಲ ಅದರ ಕಡೆಗಿತ್ತು, ಕರುವಿಗೆ ಹಾಲೂಡಿಸಿ ಬರುತ್ತೇನೆಂದದ್ದನ್ನು ನಂಬಲು ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಮೊದಲು ಸಂಶಯಪಟ್ಟಿತು, ಆಮೇಲೆ ಮಾತನ್ನು ತೆಗೆದುಕೊಂಡಿತು. ಹುಲಿ ನಂಬದೆ ಹೋಗಿದ್ದರೆ ಪುಣ್ಯಕೋಟಿಯ ಸತ್ಯ ಅಲ್ಲೇ ಸಾಯುತ್ತಿತ್ತು. ನಮಗೆ ಕಥೆಯೂ ಇರುತ್ತಿರಲಿಲ್ಲ. ಸತ್ಯ ಬೆಳಗಬೇಕಾದರೆ ಆಡುವವನಷ್ಟೇ ಸಾಲದು, ನಂಬುವವನೂ ಬೇಕು. ಒಂದು ಹಸುವನ್ನು ನಂಬುವುದು ಬೇರೆ, ಲಕ್ಷಾಂತರ ಅಪರಿಚಿತರನ್ನು ನಂಬುವುದು ಬೇರೆ ಎಂದು ರಾಜ್ಯ ಹೇಳೀತು. ಆ ಮಾತಿನಲ್ಲಿ ತೂಕವಿದೆ. ಅದಕ್ಕಾಗಿಯೇ ಅದು ಮಾತಿನ ಜಾಗದಲ್ಲಿ ಹಣವನ್ನು ಇಡಲು ನೋಡುತ್ತದೆ. 1908ರಲ್ಲಿ ಕೆನಡಾ ಕೇಳಿದ್ದು 200 ಡಾಲರ್. 2025ರ ಆಗಸ್ಟಿನಲ್ಲಿ ಅಮೆರಿಕ ಕೆಲವು ದೇಶಗಳ ಪ್ರವಾಸಿಗಳಿಂದ 5,000ದಿಂದ 15,000 ಡಾಲರುಗಳ ತನಕ ಮುಚ್ಚಳಿಕೆಯ ಹಣವನ್ನು ಪಡೆಯುವ ಪ್ರಯೋಗವನ್ನು ಆರಂಭಿಸಿತು. ಹೊತ್ತಿಗೆ ಸರಿಯಾಗಿ ಮರಳಿದರೆ ಹಣ ವಾಪಸು. ಗುಮಾನಿಗಿಂತ ಇದು ಮೇಲೆಂದು ಒಂದು ದೃಷ್ಟಿಯಿಂದ ಹೇಳಬಹುದು. ಇಲ್ಲಿ ಕರಾರಾದರೂ ಸ್ಪಷ್ಟ. ಆದರೆ ಹಣವಿಲ್ಲದವನಿಗೆ ಮಾತು ಕೊಡುವ ಅವಕಾಶವೇ ತಪ್ಪಿತಲ್ಲ!

ರಾಜ್ಯ ಪ್ರಶ್ನೆಯನ್ನೇ ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಕೇಳುವುದನ್ನು ವಸ್ತುಸ್ಥಿತಿಯನ್ನಾಗಿ ಕೇಳಲಿ, ಇಲ್ಲವೆ ಮಾತನ್ನಾಗಿ ಕೇಳಲಿ. ಮನಸ್ಸಿನ ಜ್ಯೋತಿಷ್ಯ ಬೇಡ. ಹಿಂದೆ ಹೋಗಿ ಬಂದವನ ನಡತೆಯನ್ನು ಅವನ ಆಸ್ತಿಗಿಂತ ಮೇಲಾದ ಸಾಕ್ಷಿಯೆಂದು ಎಣಿಸಲಿ. ಇಲ್ಲವೆನ್ನುವಾಗ ಏಕೆ ಇಲ್ಲವೆಂಬುದನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲಿ, ಇನ್ನೊಬ್ಬರಾದರೂ ಒಮ್ಮೆ ನೋಡುವಂತೆ ಏರ್ಪಡಿಸಲಿ. ಇಷ್ಟರಿಂದ ಯಾವ ದೇಶದ ಗಡಿಯೂ ಕುಸಿಯುವುದಿಲ್ಲ.

ಹೊರಡುವವರಿಗೂ ಒಂದು ಮಾತು ಉಂಟು. ಬಾಗಿಲಲ್ಲಿ ಬರುತ್ತೇನೆಂದು ಹೇಳಿ ಉಳಿದುಬಿಟ್ಟವನು ಆ ದೇಶಕ್ಕೆ ಮಾಡಿದ ಮೋಸ ಎಷ್ಟೋ ನಾನರಿಯೆ. ದೊಡ್ಡ ದೇಶಗಳು ಅಂಥದನ್ನು ತಾಳಿಕೊಳ್ಳುತ್ತವೆ. ಆದರೆ ಅವನು ಉಳಿಸಿಕೊಂಡ ಸಾಲವನ್ನು ತೀರಿಸುವವರು ಅದೇ ಊರಿನಿಂದ, ಅದೇ ಬಣ್ಣದ ಪುಸ್ತಕ ಹಿಡಿದು, ಮರುದಿನ ಅದೇ ಸಾಲಿನಲ್ಲಿ ನಿಲ್ಲುವವರು. ಅವರ ಮುಖ ಅವನಿಗೆ ಗೊತ್ತಿರುವುದಿಲ್ಲ. ಅವರಲ್ಲಿ ಯಾರೋ ಒಬ್ಬರ ಮಗಳಿಗೆ ದಿನ ತುಂಬಿರಬಹುದು. ಗಾಜಿನ ಹಿಂದಿನವನ ಅಪನಂಬಿಕೆಯನ್ನು ನಾವು ಎಷ್ಟು ಬೈದರೂ ಬೈಯಬಹುದು. ಅದಕ್ಕೆ ಕಾರಣ ಒದಗಿಸದೆ ಇರುವುದು ಮಾತ್ರ ನಮ್ಮ ಕೈಯಲ್ಲಿದೆ.